ಲ್ಯಾಬ್ ಪ್ರೋಗ್ರಾಂ ಎಲ್ಲಾ ಬಾಯಿಪಾಠ, ಸ್ವಂತ ಬರೆಯಲು ಕೂತರೆ ಕೈ ಓಡುವುದಿಲ್ಲ. ಏನು ಮಾಡಲಿ?

ಆಳಂದದ ಹುಡುಗ

ಎಲ್ಲರಿಗೂ ನಮಸ್ಕಾರ ರೀ. ಕಲಬುರಗಿಯಲ್ಲಿ ಬಿಇ ಓದುತ್ತಿದ್ದೇನೆ. ಕಂಪ್ಯೂಟರ್ ಸೈನ್ಸ್, ಮೂರನೇ ಸೆಮ್. ಊರು ಆಳಂದ ತಾಲ್ಲೂಕು, ಹತ್ತನೇ ತನಕ ಕನ್ನಡ ಮೀಡಿಯಂ.

ಮೊದಲ ವರ್ಷ ಸಿ ಲ್ಯಾಬ್‌ನಲ್ಲಿ ಒಳ್ಳೆ ಮಾರ್ಕ್ಸ್ ಬಂತು. ಹೇಗೆ ಬಂತು ಅಂತ ನಿಮಗೆಲ್ಲ ಗೊತ್ತೇ ಇದೆ, ಅಲ್ವಾ? ಮ್ಯಾನುಯಲ್‌ನಲ್ಲಿ ಇರುವ ಪ್ರೋಗ್ರಾಂ ಅಷ್ಟೂ ಬಾಯಿಪಾಠ. ಚೀಟಿ ಎತ್ತಿದಾಗ ಯಾವುದು ಬಂದರೂ ಬರೆದುಬಿಡುತ್ತೇನೆ. ಬೈನರಿ ಸರ್ಚ್, ಬಬಲ್ ಸಾರ್ಟ್, ಮ್ಯಾಟ್ರಿಕ್ಸ್ ಗುಣಾಕಾರ, ಯಾವುದಾದರೂ ಸರಿ. ಆದರೆ ಪರೀಕ್ಷೆಗೆ ಹೊರಗಿನಿಂದ ಬರುವ ಎಕ್ಸ್‌ಟರ್ನಲ್ ಸರ್ "ಇದನ್ನೇ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸು" ಅಂದರೆ ಮುಗೀತು. ಯಾವ ಸಾಲು ಮುಟ್ಟಬೇಕು ಅಂತ ತಿಳಿಯುವುದಿಲ್ಲ.

ಈಗ ಡೇಟಾ ಸ್ಟ್ರಕ್ಚರ್ಸ್ ಬಂದಿದೆ, ಜಾವಾ ಬಂದಿದೆ. ಅವನ್ನೂ ಬಾಯಿಪಾಠ ಮಾಡುತ್ತಾ ಹೋದರೆ ಫೈನಲ್ ಇಯರ್‌ಗೆ ಏನಾಗುತ್ತದೋ ಅಂತ ಹೆದರಿಕೆ.

ಇದನ್ನು ಈಗ ಕೇಳುವುದಕ್ಕೆ ಕಾರಣ ನಮ್ಮ ಕಾಕಾ. ಅವರು ಗಂಜ್‌ನಲ್ಲಿ (ಕಾಳಿನ ಮಾರುಕಟ್ಟೆ) ಒಂದು ಅಡತಿ (ಕಮಿಷನ್) ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಭಾನುವಾರ ಊಟಕ್ಕೆ ಹೋಗಿದ್ದೆ. "ಕಂಪ್ಯೂಟರ್ ಓದ್ಲಕತ್ತಿಯಲ್ಲ, ನಮ್ಮ ಪಟ್ಟಿ ಲೆಕ್ಕ ಒಂದು ಮಾಡಿ ಕೊಡು. ದರ, ಕ್ವಿಂಟಾಲ್ ಹಾಕಿದ್ರೆ ರೊಕ್ಕ ಎಷ್ಟು ಅಂತ ಬರಬೇಕು" ಅಂದರು. ಇಷ್ಟೇ ಅಲ್ಲವಾ ಅಂತ ಮರುದಿನ ಲ್ಯಾಬ್‌ನಲ್ಲಿ ಟರ್ಬೋ ಸಿ ತೆಗೆದು ಬರೆದೆ. ದರ ಇಂಟ್ (ಪೂರ್ಣ ಸಂಖ್ಯೆ ಇಡುವ ಜಾಗ), ಕ್ವಿಂಟಾಲ್ ಇಂಟ್, ಎರಡನ್ನೂ ಗುಣಿಸಿ ಪ್ರಿಂಟ್. ತೊಗರಿಗೆ 2024–25ರ ಬೆಂಬಲ ಬೆಲೆ 7,550 ಹಾಕಿ ನೋಡಿದೆ. 4 ಕ್ವಿಂಟಾಲ್‌ಗೆ 30200 ಬಂತು, ಸರಿ ಇದೆ. 5 ಕ್ವಿಂಟಾಲ್ ಕೊಟ್ಟರೆ −27786!

ಫೋಟೋ ತೆಗೆದು ಕಾಕಾಗೆ ಕಳಿಸಿದೆ. "ಐದು ಕ್ವಿಂಟಾಲ್ ತಂದ ರೈತ ನಮಗೇ ಇಪ್ಪತ್ತೇಳು ಸಾವಿರ ಕೊಟ್ಟು ಹೋಗಬೇಕೇನು?" ಅಂತ ಅಂಗಡಿಯವರೆಲ್ಲ ನಕ್ಕರಂತೆ.

ಇದು ಯಾಕೆ ಹೀಗೆ? ಅದಕ್ಕಿಂತ ದೊಡ್ಡ ಪ್ರಶ್ನೆ, ಸ್ವಂತ ಬರೆಯುವುದನ್ನು ಹೇಗೆ ಕಲಿಯಬೇಕು? ಸಾಫ್ಟ್‌ವೇರ್ ಡಿಸೈನ್ ಅಂತ ಮುಂದೆ ಒಂದು ವಿಷಯ ಇದೆಯಂತೆ. ಅದು ಬಂದ ಮೇಲೆ ಎಲ್ಲ ತಾನಾಗಿ ತಿಳಿಯುತ್ತದಾ, ಇಲ್ಲ ಈಗಲೇ ಏನಾದರೂ ಮಾಡಬೇಕಾ? ಲ್ಯಾಪ್‌ಟಾಪ್ ಇಲ್ಲ. ಲ್ಯಾಬ್ ಇದೆ, ಫೋನ್ ಇದೆ.

ಬೀದರ್ ದೋಸ್ತ

ದೋಸ್ತ, ಮೊದಲು ಆ ನೀಲಿ ಪರದೆ ಬಿಡು. ಟರ್ಬೋ ಸಿ ನಮ್ಮ ಅಪ್ಪಂದಿರ ಕಾಲದ್ದು. ಈಗಿನ ವಿಂಡೋಸ್‌ನಲ್ಲಿ ಅದು ನೇರ ಓಡುವುದೂ ಇಲ್ಲ, ಡಾಸ್‌ಬಾಕ್ಸ್ ಒಳಗೆ ಕೂರಿಸಿ ಓಡಿಸುತ್ತಾರೆ. ಪೈತಾನ್ ಕಲಿ. ಅದರಲ್ಲಿ ಸಂಖ್ಯೆ ಎಷ್ಟು ದೊಡ್ಡದಾದರೂ ಹಿಡಿಯುತ್ತದೆ, ನಿನ್ನ ಮೈನಸ್ ತಲೆನೋವೇ ಇರುವುದಿಲ್ಲ.

ನಾನು ಬೀದರ್‌ನಲ್ಲಿ ಫೈನಲ್ ಇಯರ್. ನಮ್ಮ ಬ್ಯಾಚ್‌ನಲ್ಲಿ ಎಲ್ಲರೂ ಚಾಟ್‌ಜಿಪಿಟಿಗೆ ಹಾಕಿ ಕೇಳುತ್ತಾರೆ, ಒಂದು ಸೆಕೆಂಡ್‌ನಲ್ಲಿ ಉತ್ತರ. ಪ್ಲೇಸ್‌ಮೆಂಟ್‌ಗೆ ಲೀಟ್‌ಕೋಡ್ ತಾಣದ ಪ್ರಶ್ನೆ ಮಾಡು, ಡಿಸೈನ್‌ಗೆ ಆ 23 ಡಿಸೈನ್ ಪ್ಯಾಟರ್ನ್ (ಕೋಡ್ ಜೋಡಿಸುವ ಸಿದ್ಧ ಮಾದರಿಗಳು) ನೋಡಿಕೋ. ಸುಮ್ನೆ ಹಳೇ ಸಿ ಹಿಡಿದು ಕೂರಬೇಡ.

ಲ್ಯಾಬ್ ಮೇಡಂ

ಬೀದರ್ ದೋಸ್ತ ಹೇಳಿದ್ದರಲ್ಲಿ ಅರ್ಧ ಸರಿ. ಉಳಿದ ಅರ್ಧಕ್ಕೆ ಆಮೇಲೆ ಬರುತ್ತೇನೆ. ನಾನು ಕಲಬುರಗಿಯಲ್ಲೇ ಬಹಳ ವರ್ಷದಿಂದ ಪ್ರೋಗ್ರಾಮಿಂಗ್ ಲ್ಯಾಬ್ ತೆಗೆದುಕೊಳ್ಳುತ್ತಿದ್ದೇನೆ. ತಮ್ಮ, ನಿನ್ನ ಥರ ಬಾಯಿಪಾಠ ಮಾಡಿ ಔಟ್ ಆಫ್ ಔಟ್ ತೆಗೆದವರನ್ನು ಪ್ರತಿ ಬ್ಯಾಚ್‌ನಲ್ಲೂ ನೋಡುತ್ತೇನೆ. ಅದಕ್ಕೆ ನಿನ್ನನ್ನು ಬೈಯುವುದಿಲ್ಲ. ಚೀಟಿ ಎತ್ತುವ ಪರೀಕ್ಷೆ ಇಟ್ಟರೆ ಮಕ್ಕಳು ಚೀಟಿಗೆ ತಯಾರಾಗುತ್ತಾರೆ, ಇನ್ನೇನು ಮಾಡುತ್ತಾರೆ?

ಮೊದಲು ಆ −27786. ಟರ್ಬೋ ಸಿ ಅನ್ನು ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ತಂದದ್ದು, ಡಾಸ್ ಕಾಲದಲ್ಲಿ. ಅದರಲ್ಲಿ ಇಂಟ್ ಅಂದರೆ ಎರಡೇ ಬೈಟ್, ಅಂದರೆ 16 ಬಿಟ್. ಅದು ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ನಾಲ್ಕು ಕ್ವಿಂಟಾಲ್‌ನ 30,200 ಅದರೊಳಗೆ ಹಿಡಿಸಿತು. ಐದರ 37,750 ಹಿಡಿಸಲಿಲ್ಲ. ಹಿಡಿಸದೆ ಹೋದಾಗ ಸಂಖ್ಯೆ ಸುತ್ತು ಹೊಡೆದು ಮೈನಸ್ ಕಡೆಗೆ ಬರುತ್ತದೆ. 37,750ರಲ್ಲಿ 65,536 ಕಳೆದು ನೋಡು. ನಿನಗೆ ಬಂದ ಅಂಕಿ ಪೈಸೆ ವ್ಯತ್ಯಾಸ ಇಲ್ಲದೆ ಅದೇ. ಈ 65,536 ಎಲ್ಲಿಂದ ಬಂತು? ಎರಡನ್ನು ಹದಿನಾರು ಸಲ ಗುಣಿಸು.

ಇಲ್ಲಿ ಗಮನಿಸಬೇಕಾದದ್ದು, ಕಂಪೈಲರ್ ನಿನಗೆ ಒಂದು ಮಾತೂ ಹೇಳಲಿಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. 4 ಕ್ವಿಂಟಾಲ್‌ಗೆ ನಿಲ್ಲಿಸಿದ್ದರೆ ಪ್ರೋಗ್ರಾಂ ಸರಿ ಇದೆ ಅಂತಲೇ ಕಾಕಾಗೆ ಕೊಟ್ಟುಬಿಡುತ್ತಿದ್ದೆ. ನಮ್ಮ ಲ್ಯಾಬ್‌ಗಳಲ್ಲಿ ಮೂರು ಇನ್‌ಪುಟ್ ಕೊಟ್ಟು, ಔಟ್‌ಪುಟ್ ರೆಕಾರ್ಡ್‌ನಲ್ಲಿ ಬರೆದು, ಸಹಿ ಹಾಕಿಸಿಕೊಂಡು ಹೋಗುವುದೇ ಪದ್ಧತಿ. ಎಲ್ಲಿ ಮುರಿಯುತ್ತದೆ ಅಂತ ಹುಡುಕುವ ಚಟ ಯಾರಿಗೂ ಹತ್ತುವುದಿಲ್ಲ. ನಿನಗೆ ಗಂಜ್‌ನಿಂದ ಹತ್ತಿತು, ಒಳ್ಳೆಯದೇ.

ಈಗ ದೊಡ್ಡ ಪ್ರಶ್ನೆ. ನನ್ನ ಅಭಿಪ್ರಾಯ ಒಂದೇ: ನಿನಗೆ ಬರೆಯಲು ಬರುತ್ತಿಲ್ಲ, ಯಾಕೆಂದರೆ ಓದಲು ಬರುತ್ತಿಲ್ಲ. ಬೈನರಿ ಸರ್ಚ್ ಬಾಯಿಪಾಠ ಬರುತ್ತದೆ ಅಂದೆಯಲ್ಲ. ಏಳು ಸಂಖ್ಯೆ ಬರೆದುಕೊಂಡು, ಪ್ರತಿ ಸುತ್ತಿನಲ್ಲಿ ಲೋ ಎಷ್ಟು, ಹೈ ಎಷ್ಟು, ಮಿಡ್ ಎಷ್ಟು ಅಂತ ಪೆನ್ನಿನಲ್ಲಿ ಬರೆದು ತೋರಿಸು ಅಂದರೆ ತೋರಿಸುತ್ತೀಯಾ? ನಮ್ಮಲ್ಲಿ ಬಹಳ ಜನ ಎರಡನೇ ಸುತ್ತಿಗೇ ನಿಲ್ಲುತ್ತಾರೆ.

ಇದು ಕಲಬುರಗಿಯ ಕಥೆ ಮಾತ್ರ ಅಲ್ಲ. 2001ರಲ್ಲಿ ಮೈಕಲ್ ಮೆಕ್‌ಕ್ರ್ಯಾಕನ್ ಮತ್ತು ಹಲವು ದೇಶಗಳ ಅಧ್ಯಾಪಕರು ಸೇರಿ, ಪ್ರೋಗ್ರಾಮಿಂಗ್ ಕೋರ್ಸ್ ಮುಗಿಸಿದ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪ್ರೋಗ್ರಾಂ ಬರೆಯಲು ಕೊಟ್ಟರು. ಸರಾಸರಿ ಮಾರ್ಕ್ಸ್ 110ಕ್ಕೆ 23ರ ಆಸುಪಾಸು ಬಂತು. ಮುಂದೆ 2004ರಲ್ಲಿ ರೇಮಂಡ್ ಲಿಸ್ಟರ್ ಮತ್ತು ಅವರ ಜೊತೆಯವರು ಇನ್ನೂ ಕೆಳಗೆ ಇಳಿದು ನೋಡಿದರು. ಬರೆಯುವುದು ಇರಲಿ, ಕೊಟ್ಟ ನಾಲ್ಕಾರು ಸಾಲು ಓದಿ ಉತ್ತರ ಎಷ್ಟು ಬರುತ್ತದೆ ಅಂತ ಹೇಳುತ್ತಾರಾ? ಅದರಲ್ಲೂ ಬಹಳ ಜನ ತಡವರಿಸಿದರು. ಅಂದರೆ ಮೊದಲ ಮೆಟ್ಟಿಲೇ ಗಟ್ಟಿ ಇಲ್ಲ, ನಾವು ಮೂರನೆಯದಕ್ಕೆ ಕಾಲು ಇಡಲು ಹೇಳುತ್ತಿದ್ದೇವೆ.

ಒಂದು ಲೆಕ್ಕ ಕೊಡುತ್ತೇನೆ. 1980ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿಯಟ್ ಸೊಲೊವೇ ಅನ್ನುವವರು ಬಳಸಿದ್ದು, ಮಳೆ ಲೆಕ್ಕ ಅಂತಲೇ ಹೆಸರಾಗಿದೆ. ದಿನದಿನದ ಮಳೆ ಓದುತ್ತಾ ಹೋಗಬೇಕು, 99999 ಬಂದಾಗ ನಿಲ್ಲಿಸಬೇಕು, ಸರಾಸರಿ ಹೇಳಬೇಕು. ಮೈನಸ್ ಅಂಕಿ ಬಂದರೆ ಯಾರೋ ತಪ್ಪು ಒತ್ತಿದ್ದಾರೆ ಅಂತ ಬಿಡಬೇಕು. ನಾನು ಇದನ್ನು ಬೋರ್ಡ್ ಮೇಲೆ ಹೀಗೆ ಬರೆಯುತ್ತೇನೆ:

ಮೊತ್ತ = 0, ದಿನ = 0
ಮಳೆ ಓದು
ಮಳೆ 99999 ಆಗದ ತನಕ ಇದನ್ನು ಮಾಡು:
— ಮಳೆ 0 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಮೊತ್ತಕ್ಕೆ ಮಳೆ ಸೇರಿಸು, ದಿನಕ್ಕೆ 1 ಸೇರಿಸು
— ಮುಂದಿನ ಮಳೆ ಓದು
ಮೊತ್ತವನ್ನು ದಿನದಿಂದ ಭಾಗಿಸಿ ತೋರಿಸು

12, 0, −5, 30, 99999 ಕೊಡು. ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕು: ಮಳೆ, ಮೊತ್ತ, ದಿನ. 12 ಬಂದಾಗ ಮೊತ್ತ 12, ದಿನ 1. 0 ಬಂದಾಗ ಮೊತ್ತ 12, ದಿನ 2. ಮಳೆ ಬರದ ದಿನವೂ ದಿನವೇ! −5 ಬಂದಾಗ ಯಾವುದೂ ಬದಲಾಗುವುದಿಲ್ಲ. 30 ಬಂದಾಗ 42, 3. ಉತ್ತರ 14.

ಈಗ ಬಹಳ ಮಕ್ಕಳು ಬರೆಯುವ ರೀತಿ ನೋಡು. ಲೂಪ್ ಒಳಗೆ ಮೊದಲು ಓದುತ್ತಾರೆ, ತಕ್ಷಣ ಸೇರಿಸುತ್ತಾರೆ, 99999 ಹೌದಾ ಅಲ್ಲವಾ ಅಂತ ಕೊನೆಯಲ್ಲಿ ನೋಡುತ್ತಾರೆ. ಹಾಗೆ ಮಾಡಿದರೆ ನಿಲ್ಲಿಸು ಅಂತ ಹೇಳುವ ಅಂಕಿಯೂ ಮಳೆಯೊಳಗೆ ಸೇರಿತು. ಮೊತ್ತ 100041, ದಿನ 4, ಸರಾಸರಿ 25010.25. ಮಿಲಿಮೀಟರ್ ಅಂದುಕೊಂಡರೆ ದಿನಕ್ಕೆ 25 ಮೀಟರ್ ಮಳೆ. ನಮ್ಮ ಕಲಬುರಗಿ ಕೋಟೆ, ಅಪ್ಪನ ಕೆರೆ ಎಲ್ಲ ಒಂದೇ ನೀರು! ಆದರೂ ಆ ಉತ್ತರವನ್ನು ನೀಟಾಗಿ ರೆಕಾರ್ಡ್‌ನಲ್ಲಿ ಬರೆದುಕೊಂಡು ಸಹಿಗೆ ಬರುತ್ತಾರೆ. ಕಲಬುರಗಿಯಲ್ಲಿ ಇದ್ದು, ಏಪ್ರಿಲ್ ಬಿಸಿಲು ಕಂಡವರು, ಅಷ್ಟು ಮಳೆ ನೋಡಿ ಒಮ್ಮೆಯೂ ಅನುಮಾನ ಪಡುವುದಿಲ್ಲ. ಮೊದಲ ಅಂಕಿಯೇ 99999 ಆದರೆ ಏನಾಗುತ್ತದೆ ಅಂತ ನೀನೇ ಬರೆದು ನೋಡು.

ಹೀಗೆ ಕೈಯಿಂದ ಓಡಿಸಿ ನೋಡುವುದಕ್ಕೆ ಟ್ರೇಸ್ ಅನ್ನುತ್ತೇವೆ. ಬಾಯಿಪಾಠ ಬರುವ ಪ್ರೋಗ್ರಾಂಗಳನ್ನೇ ತೆಗೆದುಕೋ, ದಿನಕ್ಕೆ ಒಂದು ಟ್ರೇಸ್ ಮಾಡು. ಆಮೇಲೆ ಒಂದು ಸಾಲು ಕೆಡಿಸು. ಚಿಕ್ಕದು (<) ಚಿಹ್ನೆ ಇದ್ದಲ್ಲಿ ದೊಡ್ಡದು (>) ಹಾಕು. ಓಡಿಸುವ ಮೊದಲು ಏನು ಬರುತ್ತದೆ ಅಂತ ಬರೆದಿಡು, ಆಮೇಲೆ ಓಡಿಸು. ಬಬಲ್ ಸಾರ್ಟ್‌ನಲ್ಲಿ ಒಮ್ಮೆ ಹೀಗೆ ಮಾಡಿದರೆ ಎಕ್ಸ್‌ಟರ್ನಲ್ ಸರ್ ಕೇಳಿದ ಪ್ರಶ್ನೆಗೆ ಉತ್ತರ ಅದೇ ಚಿಹ್ನೆಯಲ್ಲಿ ಸಿಗುತ್ತದೆ.

ನಮ್ಮ ಲ್ಯಾಬ್‌ನಲ್ಲಿ ಇನ್ನೊಂದು ಮಾಡಿಸುತ್ತೇನೆ. ಪ್ರೋಗ್ರಾಂ ಪ್ರಿಂಟ್ ತೆಗೆದು, ಸಾಲು ಸಾಲಾಗಿ ಕತ್ತರಿಸಿ, ಕಲಸಿ, ಬೇಡದ ಎರಡು ಸಾಲು ಸೇರಿಸಿ, ಇಬ್ಬಿಬ್ಬರಿಗೆ ಒಂದೊಂದು ಕವರ್ ಕೊಡುತ್ತೇನೆ. ಟೇಬಲ್ ಮೇಲೆ ಜೋಡಿಸಬೇಕು. ಬೇಡದ ಎರಡು ಯಾವುವು, ಯಾಕೆ ಬೇಡ ಅಂತ ಹೇಳಬೇಕು. ಇದನ್ನು 2006ರಲ್ಲಿ ನ್ಯೂಜಿಲೆಂಡ್‌ನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ ಶುರು ಮಾಡಿದ್ದು. ಅವರು ಕಂಪ್ಯೂಟರ್‌ನಲ್ಲಿ ಮಾಡಿಸಿದರು, ನಾನು ಕತ್ತರಿ ಹಿಡಿದೆ. ಕರೆಂಟ್ ಹೋದ ದಿನ ನಮ್ಮದು ಇದೇ ಲ್ಯಾಬ್. ಫ್ಯಾನ್ ಇಲ್ಲದ್ದರಿಂದ ಚೀಟಿ ಹಾರುವುದೂ ಇಲ್ಲ. ಇಬ್ಬರು ಕೂತು "ಈ ಸಾಲು ಲೂಪ್ ಒಳಗೆ ಬರಬೇಕು", "ಬೇಡ, ಹೊರಗೆ" ಅಂತ ಜಗಳ ಆಡುತ್ತಾರಲ್ಲ, ಆ ಜಗಳದಲ್ಲೇ ಅರ್ಧ ಪಾಠ ಮುಗಿದಿರುತ್ತದೆ.

ಲ್ಯಾಪ್‌ಟಾಪ್ ಇಲ್ಲ ಅಂದೆ. ಫೋನ್‌ನಲ್ಲಿ ಪೈತಾನ್ ಟ್ಯೂಟರ್ ಅಂತ ಹುಡುಕು. ಫಿಲಿಪ್ ಗುವೋ ಅನ್ನುವವರು ಮಾಡಿದ ಉಚಿತ ತಾಣ. ಹೆಸರು ಪೈತಾನ್ ಅಂತ ಇದ್ದರೂ ಸಿ, ಜಾವಾ ಕೂಡ ಓಡುತ್ತದೆ. ಒಂದೊಂದೇ ಸಾಲು ಓಡಿಸಿ, ಯಾವ ವೇರಿಯೇಬಲ್‌ನಲ್ಲಿ ಏನಿದೆ ಅಂತ ಚಿತ್ರ ಬರೆದು ತೋರಿಸುತ್ತದೆ. ಪಾಯಿಂಟರ್ ಅರ್ಥ ಆಗದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ. ಫೋನ್‌ನಲ್ಲೇ ಕಂಪೈಲ್ ಮಾಡಬೇಕಾದರೆ ಆಂಡ್ರಾಯ್ಡ್‌ಗೆ ಟರ್ಮಕ್ಸ್ ಇದೆ. ಕನ್ನಡದಲ್ಲಿ ಕೇಳಿ ಕಲಿಯಬೇಕಾದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡು.

ಮತ್ತೆ, ಕನ್ನಡ ಮೀಡಿಯಂ ಅಂತ ಸಂಕೋಚ ಬೇಡ. ಇಂಗ್ಲಿಷ್ ಮೀಡಿಯಂನವರೂ ಎರರ್ ಮೆಸೇಜ್ ಓದುವುದಿಲ್ಲ. ಕೆಂಪು ಬಣ್ಣ ಕಂಡರೆ ಸಾಕು, "ಮೇಡಂ ಎರರ್" ಅಂತ ಕೈ ಎತ್ತುತ್ತಾರೆ. ನೀನು ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಬಂದ ಎರರ್ ಬರೆದು, ಪಕ್ಕದಲ್ಲಿ ಅದರ ಕಾರಣ ಕನ್ನಡದಲ್ಲಿ ಬರೆದುಕೋ. ಇಪ್ಪತ್ತು ಎರರ್ ಬಂದರೂ ಮೊದಲನೆಯದನ್ನು ಮಾತ್ರ ಸರಿಮಾಡಿ ಮತ್ತೆ ಕಂಪೈಲ್ ಮಾಡು. ಮೇಲೆ ಒಂದು ಸೆಮಿಕೋಲನ್ ಬಿಟ್ಟರೆ ಕೆಳಗಿನದೆಲ್ಲ ಅದರ ಮರಿಗಳು.

ಆಳಂದದ ಹುಡುಗ

ಮೇಡಂ, ಇಷ್ಟು ಬರೆದದ್ದಕ್ಕೆ ಥ್ಯಾಂಕ್ಸ್ ರೀ. ಮಳೆ ಲೆಕ್ಕದಲ್ಲಿ ಮೊದಲೇ 99999 ಬಂದರೆ ದಿನ 0, ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಪ್ರೋಗ್ರಾಂ ಬಿದ್ದೇ ಹೋಗುತ್ತದೆ, ಹೌದಲ್ವಾ? ಭಾಗಿಸುವ ಮೊದಲು ದಿನ 0 ಇದೆಯಾ ಅಂತ ನೋಡಬೇಕು.

ಒಂದು ಡೌಟ್. ಇಂಟ್ ಸಾಲದು ಅಂತ ಗೊತ್ತಾದ ಮೇಲೆ ಮೊತ್ತವನ್ನು ಲಾಂಗ್ (ಇಂಟ್‌ಗಿಂತ ದೊಡ್ಡ ಸಂಖ್ಯೆ ಹಿಡಿಯುವುದು) ಮಾಡಿದೆ. ಪ್ರಿಂಟ್‌ನಲ್ಲಿಯೂ ಲಾಂಗ್‌ಗೆ ಬೇಕಾದ ಚಿಹ್ನೆ ಹಾಕಿದೆ. ಮತ್ತೂ −27786 ಬರುತ್ತಿದೆ! ಲಾಂಗ್ ನಾಲ್ಕು ಬೈಟ್ ಅಲ್ವಾ?

ಲ್ಯಾಬ್ ಮೇಡಂ

ಭೇಷ್, ಭಾಗಾಕಾರ ಸರಿಯಾಗಿ ಹಿಡಿದೆ.

ಲಾಂಗ್ ನಾಲ್ಕು ಬೈಟ್ ಹೌದು. ಆದರೆ "ಮೊತ್ತ = ದರ ಗುಣಿಸು ಕ್ವಿಂಟಾಲ್" ಅನ್ನುವ ಆ ಸಾಲನ್ನು ಬಲಗಡೆಯಿಂದ ಓದು. ಮೊದಲು ದರ ಗುಣಿಸು ಕ್ವಿಂಟಾಲ್. ಎರಡೂ ಇಂಟ್, ಆದ್ದರಿಂದ ಗುಣಾಕಾರ ಇಂಟ್‌ನಲ್ಲೇ ನಡೆಯುತ್ತದೆ, ಅಲ್ಲೇ ಸುತ್ತು ಹೊಡೆಯುತ್ತದೆ. ಕೆಟ್ಟುಹೋದ ಮೇಲೆ ಅದನ್ನು ತಂದು ದೊಡ್ಡ ಡಬ್ಬಿಯಲ್ಲಿ ಇಟ್ಟೆ. ದರವನ್ನೇ ಲಾಂಗ್ ಮಾಡು. ಆಗ ಗುಣಾಕಾರವೂ ಲಾಂಗ್‌ನಲ್ಲಿ ನಡೆಯುತ್ತದೆ, 37750 ಬರುತ್ತದೆ. ದರ ಓದುವ ಸ್ಕ್ಯಾನ್‌ಎಫ್‌ನಲ್ಲೂ ಚಿಹ್ನೆ ಬದಲಿಸಲು ಮರೆಯಬೇಡ. ಈಗಿನ ಸಿ ಕಂಪೈಲರ್ ಆದ ಜಿಸಿಸಿಯಲ್ಲಿ ಓಡಿಸಿದರೆ ಇಂಟ್ ಕೂಡ ನಾಲ್ಕು ಬೈಟ್, 214 ಕೋಟಿ ತನಕ ಹಿಡಿಯುತ್ತದೆ.

ಬೀದರ್ ದೋಸ್ತ, ಈಗ ನಿಮ್ಮ ಮಾತಿಗೆ ಬಂದೆ. ಪೈತಾನ್‌ನಲ್ಲಿ ಈ ತಲೆನೋವು ಇಲ್ಲ, ಒಪ್ಪಿದೆ. ನನ್ನ ಕೈಯಲ್ಲಿ ಇದ್ದರೆ ಮೊದಲ ಭಾಷೆಯಾಗಿ ಪೈತಾನ್ ಅನ್ನೇ ಇಡುತ್ತಿದ್ದೆ. ಪೈತಾನ್ 3ರಲ್ಲಿ ವೇರಿಯೇಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು. ಮೊತ್ತ, ದಿನ, ಮಳೆ ಅಂತ ಇಟ್ಟು ಓಡಿಸಿ ತೋರಿಸಿದರೆ ಮಕ್ಕಳ ಮುಖ ನೋಡಬೇಕು. ಆದರೆ ನಾಳೆ ಜಾವಾಗೆ ಹೋದರೆ ಇಂಟ್‌ಗೆ ಮತ್ತೆ ಮಿತಿ ಇದೆ, ಡೇಟಾಬೇಸ್‌ನ ಕಾಲಂಗೂ ಇದೆ. ಓಡಿಹೋಗುವ ಬದಲು ಒಮ್ಮೆ ಎದುರಿಸಿ ನೋಡಲಿ.

ಚಾಟ್‌ಜಿಪಿಟಿ ಕೇಳಬೇಡ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಯಾರು ಕೇಳುತ್ತಾರೆ? ಆದರೆ ಅದು ಕೊಟ್ಟ ಕೋಡನ್ನು ಟ್ರೇಸ್ ಮಾಡಲು ಬಾರದವನಿಗೆ ಅದು ಇನ್ನೊಂದು ಲ್ಯಾಬ್ ಮ್ಯಾನುಯಲ್, ಅಷ್ಟೇ. 23 ಪ್ಯಾಟರ್ನ್ ಕಥೆಯೂ ಅದೇ. ವೈವಾದಲ್ಲಿ "ಸಿಂಗಲ್‌ಟನ್ ಅಂದರೇನು" ಅಂದರೆ ಪಟಪಟ ಹೇಳುತ್ತಾರೆ. "ನಿನ್ನ ಪ್ರಾಜೆಕ್ಟ್‌ನಲ್ಲಿ ಯಾಕೆ ಬೇಕಾಯಿತು" ಅಂದರೆ ಗೋಡೆ ನೋಡುತ್ತಾರೆ.

ಬೀದರ್ ದೋಸ್ತ

ಮೇಡಂ, ಪ್ಲೇಸ್‌ಮೆಂಟ್ ಟೆಸ್ಟ್‌ನಲ್ಲಿ ಟ್ರೇಸ್ ಮಾಡುತ್ತಾ ಕೂರಲು ಟೈಮ್ ಎಲ್ಲಿದೆ ರೀ? ಆದರೂ ಲಾಂಗ್ ವಿಷಯ ನನಗೂ ಗೊತ್ತಿರಲಿಲ್ಲ. ಜಾವಾದಲ್ಲಿ ಈಗಷ್ಟೇ ಮಾಡಿ ನೋಡಿದೆ, ಎರಡು ದೊಡ್ಡ ಇಂಟ್ ಗುಣಿಸಿ ಲಾಂಗ್‌ನಲ್ಲಿ ಇಟ್ಟರೆ ಅಲ್ಲಿಯೂ ಇದೇ ಹಾಡು.

ಶಹಾಪುರದವ

ನಾನು ಯಾದಗಿರಿ ಜಿಲ್ಲೆ, ಶಹಾಪುರದವನು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಡಿಸೈನ್ ಪ್ರಶ್ನೆಗೆ ಯಾರೂ ಸರಿಯಾಗಿ ಕೈ ಹಾಕಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ತಮ್ಮ, ಆ ಪಟ್ಟಿ ಪ್ರೋಗ್ರಾಂ ಬಿಡಬೇಡ. ಮುಂದೆ ಬರುವ ವಿಷಯಕ್ಕೆ ಕಾಯಲೂ ಬೇಡ. ನಮ್ಮ ಆಫೀಸ್‌ನಲ್ಲಿ ಹೊಸದಾಗಿ ಬರೆಯುವುದು ಕಡಿಮೆ. ಬೇರೆ ಯಾರೋ ಬರೆದದ್ದನ್ನು ಓದಿ, ಒಂದು ಜಾಗದಲ್ಲಿ ಬದಲಿಸಿ, ಉಳಿದದ್ದು ಕೆಡದಂತೆ ನೋಡಿಕೊಳ್ಳುವುದೇ ಜಾಸ್ತಿ. ಕಾಲೇಜಿನಲ್ಲಿ ಒಂದು ಪ್ರೋಗ್ರಾಂ ಓಡಿದ ದಿನವೇ ಸಾಯುತ್ತದೆ, ಮತ್ತೆ ಯಾರೂ ತೆರೆಯುವುದಿಲ್ಲ. ಹಾಗಾಗಿ ಡಿಸೈನ್ ಯಾಕೆ ಬೇಕು ಅಂತ ಯಾರಿಗೂ ಅನಿಸುವುದೇ ಇಲ್ಲ.

ನಿನಗೆ ಕಾಕಾ ಇದ್ದಾರೆ. ಅವರು ಸುಮ್ಮನೆ ಇರುವವರಲ್ಲ ಅಂತ ಕಾಣುತ್ತದೆ. ಮೊದಲ ಬದಲಾವಣೆ ತೂಕ. ರೈತ ಸರಿಯಾಗಿ ಐದು ಕ್ವಿಂಟಾಲ್ ತರುವುದಿಲ್ಲ, 5 ಕ್ವಿಂಟಾಲ್ 37 ಕೆಜಿ ತರುತ್ತಾನೆ. ಫ್ಲೋಟ್ (ದಶಮಾಂಶ ಸಂಖ್ಯೆ) ಹಾಕಿ 5.37 ಮಾಡೋಣ ಅಂತ ಅನಿಸುತ್ತದೆ. ದುಡ್ಡಿನ ಲೆಕ್ಕದಲ್ಲಿ ಫ್ಲೋಟ್ ಬೇಡ. ಪೈತಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡು, 0.30000000000000004 ಬರುತ್ತದೆ. ಕಂಪ್ಯೂಟರ್ ಒಳಗೆ ಅದು ಎರಡರ ಲೆಕ್ಕದಲ್ಲಿ ಇರುತ್ತದೆ, 0.1 ಅದರಲ್ಲಿ ಪೂರ್ತಿ ಕೂರುವುದಿಲ್ಲ.

ಹಾಗಾದರೆ? ತೂಕವನ್ನು ಕೆಜಿಯಲ್ಲಿ ಇಡು, ದುಡ್ಡನ್ನು ಪೈಸೆಯಲ್ಲಿ ಇಡು. ಒಂದು ಮಜಾ ನೋಡು. ದರ ಕ್ವಿಂಟಾಲ್‌ಗೆ ಇಷ್ಟು ರೂಪಾಯಿ ಅಂದರೆ ಕೆಜಿಗೆ ಅಷ್ಟೇ ಪೈಸೆ. ಕ್ವಿಂಟಾಲ್‌ಗೆ ನೂರು ಕೆಜಿ, ರೂಪಾಯಿಗೆ ನೂರು ಪೈಸೆ, ಎರಡು ನೂರೂ ಹೊಡೆದುಹೋಗುತ್ತವೆ. 7550 ಗುಣಿಸು 537, 40,54,350 ಪೈಸೆ. ಅಂದರೆ 40,543 ರೂಪಾಯಿ 50 ಪೈಸೆ. ಎಲ್ಲೂ ದಶಮಾಂಶ ಚುಕ್ಕಿ ಬರಲಿಲ್ಲ. ಕೊನೆಗೆ ತೋರಿಸುವಾಗ ಮಾತ್ರ ನೂರರಿಂದ ಭಾಗಿಸು. ಇದೂ ಒಂದು ಡಿಸೈನ್ ನಿರ್ಧಾರವೇ, ಚಿತ್ರ ಬರೆಯದೆ ಮಾಡಿದ್ದು.

ಎರಡನೆಯದು ಹಮಾಲಿ. ಚೀಲಕ್ಕೆ ಇಷ್ಟು ಅಂತ ಅಂಕಿಯನ್ನು ಕೋಡ್ ಒಳಗೆ ನಾಲ್ಕು ಕಡೆ ಬರೆದಿರುತ್ತೀಯ. ದರ ಬದಲಾದ ದಿನ ಮೂರು ಕಡೆ ತಿದ್ದಿ ಒಂದು ಕಡೆ ಬಿಡುತ್ತೀಯ. ಆಗ ಗೊತ್ತಾಗುತ್ತದೆ ಅದು ಒಂದೇ ಜಾಗದಲ್ಲಿ ಇರಬೇಕು ಅಂತ. ಮೂರನೆಯದು, ತೊಗರಿ ಜೊತೆ ಹೆಸರುಕಾಳು, ಕಡಲೆ ಬರುತ್ತವೆ. ಪ್ರತಿಯೊಂದಕ್ಕೂ ಇಫ್ ಹಾಕುತ್ತಾ ಹೋಗು, ಎಲ್ಲಿ ಸಾಕು ಅನಿಸುತ್ತದೋ ಅಲ್ಲಿ ನಿಲ್ಲಿಸಿ ಯೋಚಿಸು. ಮೊದಲೇ ಎಲ್ಲ ಊಹಿಸಿ ದೊಡ್ಡ ಅರಮನೆ ಕಟ್ಟಬೇಡ.

ಗಿಟ್ ಕಲಿ, ಕೋಡ್‌ನ ಪ್ರತಿ ಬದಲಾವಣೆಯನ್ನೂ ನೆನಪಿಡುವ ಸಾಧನ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕೆಲಸಕ್ಕಾಗಿ ಬರೆದದ್ದು. ಕಮಿಟ್, ಡಿಫ್, ಹಿಂದಕ್ಕೆ ಹೋಗುವುದು, ಈ ಮೂರು ಬಂದರೆ ಸದ್ಯಕ್ಕೆ ಸಾಕು.

ಲ್ಯಾಬ್ ಮೇಡಂ

ಶಹಾಪುರದವರೇ, ಪೈಸೆ ಲೆಕ್ಕ ಬಹಳ ಚೆನ್ನಾಗಿದೆ. ಮುಂದಿನ ಬ್ಯಾಚ್‌ಗೆ ಇದನ್ನೇ ಕೊಡುತ್ತೇನೆ. ಟರ್ಬೋ ಸಿ ಹಿಡಿದವರು 40 ಲಕ್ಷ ಇಂಟ್‌ನಲ್ಲಿ ಹಾಕಿ ಮತ್ತೆ ಸುತ್ತು ಹೊಡೆಸುತ್ತಾರೆ, ಅದೂ ಆಗಲಿ.

ನೀವು ಹೇಳಿದ ಬದಲಾವಣೆ ವಿಷಯಕ್ಕೆ ಒಂದು ಸೇರಿಸುತ್ತೇನೆ. 1972ರಲ್ಲಿ ಡೇವಿಡ್ ಪಾರ್ನಾಸ್ ಒಂದು ಸಣ್ಣ ಪ್ರೋಗ್ರಾಂ ತೆಗೆದುಕೊಂಡು ಎರಡು ರೀತಿ ಭಾಗ ಮಾಡಿ ತೋರಿಸಿದರು. ಒಂದು ರೀತಿ, ಕೆಲಸದ ಹೆಜ್ಜೆ ಪ್ರಕಾರ: ಓದು, ಜೋಡಿಸು, ತೋರಿಸು. ನಾವು ಫ್ಲೋಚಾರ್ಟ್ ಬರೆಸಿ ಕಲಿಸುವುದು ಇದನ್ನೇ. ಇನ್ನೊಂದು ರೀತಿ, ಮುಂದೆ ಯಾವ ನಿರ್ಧಾರ ಬದಲಾಗಬಹುದೋ ಅದೊಂದನ್ನು ಒಂದು ಭಾಗದೊಳಗೆ ಮುಚ್ಚಿಡುವುದು. ಕೆಲವು ಬದಲಾವಣೆ ಬಂದಾಗ ಮೊದಲ ರೀತಿಯಲ್ಲಿ ಎಲ್ಲ ಭಾಗಗಳನ್ನೂ ಬಿಚ್ಚಬೇಕಾಯಿತು, ಎರಡನೆಯದರಲ್ಲಿ ಒಂದನ್ನು ಮುಟ್ಟಿದರೆ ಸಾಕಾಯಿತು. ಐವತ್ತು ವರ್ಷ ಕಳೆದರೂ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ.

ಇದನ್ನು ಪಾಠದಲ್ಲಿ ಹೇಳಿದರೆ ಮಕ್ಕಳು ಐದು ಮಾರ್ಕ್ಸ್ ಉತ್ತರವಾಗಿ ಬರೆದುಕೊಳ್ಳುತ್ತಾರೆ. ಅದಕ್ಕೇ ಯುಎಂಎಲ್ (ಪ್ರೋಗ್ರಾಂನ ನಕ್ಷೆ ಬರೆಯುವ ಪದ್ಧತಿ) ಚಿತ್ರದಿಂದ ಡಿಸೈನ್ ಶುರು ಮಾಡುವುದು ನನಗೆ ಸೇರುವುದಿಲ್ಲ. ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್‌ನ ಕ್ಲಾಸ್ ಡಯಾಗ್ರಾಂ ಎಲ್ಲ ಬ್ಯಾಚ್‌ಗಳಲ್ಲೂ ಒಂದೇ ಥರ ಬರುತ್ತದೆ, ಒಬ್ಬರೂ ಲೈಬ್ರರಿಯನ್ ಹತ್ತಿರ ಹೋಗಿ ಒಂದು ಮಾತು ಕೇಳಿರುವುದಿಲ್ಲ.

ಬೀದರ್ ದೋಸ್ತ, ಟೆಸ್ಟ್‌ನಲ್ಲಿ ಟ್ರೇಸ್‌ಗೆ ಟೈಮ್ ಇಲ್ಲ ಅಂದಿರಲ್ಲ. ಈಗ ಪೆನ್ನಿನಲ್ಲಿ ಮಾಡಿದರೆ ಆಗ ತಲೆಯಲ್ಲಿ ಆಗುತ್ತದೆ. ಮಗ್ಗಿ ಕಲಿತದ್ದು ಹಾಗೆಯೇ ಅಲ್ವಾ?

ಆಳಂದದ ಹುಡುಗ

ಮೇಡಂ, ಅಣ್ಣ, ದರ ಲಾಂಗ್ ಮಾಡಿದೆ, ಸರಿಯಾಯಿತು. ಆಮೇಲೆ ಕೆಜಿ, ಪೈಸೆ ಮಾಡಿ ಫೋನ್‌ನಲ್ಲಿ ಟರ್ಮಕ್ಸ್ ಹಾಕಿ ಓಡಿಸಿದೆ. ಕಾಕಾ ಹಳೇ ಪಟ್ಟಿಗಳ ಫೋಟೋ ಕಳಿಸಿದರು, ಒಂದೊಂದೇ ತಾಳೆ ನೋಡುತ್ತಿದ್ದೇನೆ. ಒಂದು ಪಟ್ಟಿಯಲ್ಲಿ ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಹೊಂದುತ್ತಿಲ್ಲ. ಕೇಳಿದರೆ "ಚೀಲದ ತೂಕ ಕಳೆದಿಲ್ಲ ನೀನು" ಅಂದರು. ಅದನ್ನು ಯಾವ ಫಂಕ್ಷನ್‌ನಲ್ಲಿ ಹಾಕಲಿ? ದುಡ್ಡಿನ ಫಂಕ್ಷನ್‌ನಲ್ಲಿ ಗುಣಿಸುವ ಮೊದಲು ಕಳೆದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಲ್ಯಾಬ್ ಮೇಡಂ

ದುಡ್ಡಿನ ಫಂಕ್ಷನ್‌ಗೆ ಚೀಲ ಯಾಕೆ ಗೊತ್ತಿರಬೇಕು? ಅದಕ್ಕೆ ದರ ಮತ್ತು ನಿವ್ವಳ ತೂಕ ಕೊಟ್ಟರೆ ಸಾಕು. ನಿವ್ವಳ ತೂಕ ಅಂತ ಬೇರೆ ಫಂಕ್ಷನ್ ಮಾಡು, ಒಟ್ಟು ತೂಕ ಮತ್ತು ಚೀಲ ಎಷ್ಟು ಅಂತ ಅದಕ್ಕೆ ಕೊಡು. ಆದರೆ ಬರೆಯುವ ಮೊದಲು ಕಾಕಾನನ್ನು ಕೇಳು: ಎಲ್ಲ ಚೀಲಕ್ಕೂ ಒಂದೇ ತೂಕ ಕಳೆಯುತ್ತಾರಾ, ಗೋಣಿಗೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಬೇರೆನಾ? ಕೆಜಿಯಲ್ಲಿ ಕಳೆಯುತ್ತಾರಾ, ಗ್ರಾಂ ಲೆಕ್ಕ ಇದೆಯಾ? ಗ್ರಾಂ ಇದ್ದರೆ ನಿನ್ನ ಕೆಜಿ ಪೈಸೆ ಲೆಕ್ಕ ಸ್ವಲ್ಪ ಬದಲಾಗುತ್ತದೆ.

ಆಳಂದದ ಹುಡುಗ

ಕೇಳಿದೆ ಮೇಡಂ. ಗೋಣಿಗೆ ಬೇರೆ, ಪ್ಲಾಸ್ಟಿಕ್‌ಗೆ ಬೇರೆ, ಗ್ರಾಂ ಲೆಕ್ಕವೂ ಇದೆ. ಕಾಳು ಹಸಿ ಇದ್ದರೆ ಇನ್ನೂ ಸ್ವಲ್ಪ ಕಳೆಯುತ್ತಾರಂತೆ. ಎಷ್ಟು ಅಂದರೆ "ಅದು ಕೈಯಾಗ ಹಿಡಿದು ನೋಡಿ ಹೇಳೋದು" ಅಂದರು. ಇದಕ್ಕೆ ಯಾವ ಫಾರ್ಮುಲಾ ಹಾಕಲಿ?

ಶಹಾಪುರದವ

ಹಾಕಬೇಡ. ಅಲ್ಲಿ ಕಾಕಾ ಕೈಯಿಂದ ತುಂಬುವ ಒಂದು ಅಂಕಿ ಇಡು, ಪಕ್ಕದಲ್ಲಿ ಕಾರಣ ಬರೆಯಲು ಜಾಗ ಬಿಡು, ಪಟ್ಟಿಯಲ್ಲಿ ಎರಡೂ ಪ್ರಿಂಟ್ ಆಗಲಿ. ತೂಕ ಎಲ್ಲ ಗ್ರಾಂನಲ್ಲಿ ಇಟ್ಟುಕೋ. ದರ ಗುಣಿಸು ಗ್ರಾಂ ಮಾಡಿ ಸಾವಿರದಿಂದ ಭಾಗಿಸಿದರೆ ಪೈಸೆ. ಉಳಿದ ಶೇಷವನ್ನು ಮೇಲಕ್ಕೆ ಏರಿಸಬೇಕಾ ಕೆಳಕ್ಕೆ ಬಿಡಬೇಕಾ ಅನ್ನುವುದನ್ನೂ ಅವರನ್ನೇ ಕೇಳು. ಮತ್ತೆ, ಇದರಲ್ಲಿ 7550 ಗುಣಿಸು 5,37,000 ಅಂದರೆ 405 ಕೋಟಿ ದಾಟುತ್ತದೆ. ಮೇಡಂ ಹೇಳಿದ 214 ಕೋಟಿ ಮಿತಿ ನೆನಪಿದೆಯಲ್ಲ? ಜಿಸಿಸಿಯಲ್ಲಿ ಲಾಂಗ್ ಲಾಂಗ್ ಬಳಸು, ದರವನ್ನೂ ಸೇರಿಸಿ.